ಬೇಡ ಎಂದವರ ಕೈಯಲ್ಲಿ ಹಗ್ಗ

ಗುರುದೇವಿಗೆ ಇಪ್ಪತ್ತೊಂದು ದಿನಕ್ಕೊಮ್ಮೆ ಪೆನಿಸಿಲಿನ್ ಇಂಜೆಕ್ಷನ್ ಬೇಕಾಗಿತ್ತು. ಲಗ್ಗೆರೆಯಲ್ಲಿ ಅದನ್ನು ಕೊಡುವವರು ಯಾರೂ ಇರಲಿಲ್ಲ.

ಅದು ೨೦೦೯ರ ಆಗಸ್ಟ್. ಹಂದಿಜ್ವರದ ಭಯದಲ್ಲಿ ಜನ ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಓಡಾಡುತ್ತಿದ್ದ ಕಾಲ. ರಾಜಾಜಿನಗರದ ಕಾಲೇಜೊಂದರ ಗ್ರಂಥಾಲಯದಿಂದ ನಿವೃತ್ತಳಾದ ಮೇಲೆ ನಾನು ವಾರಕ್ಕೆ ಮೂರು ಬೆಳಿಗ್ಗೆ ಬಸವೇಶ್ವರನಗರದ ಮನೆಯಿಂದ ಲಗ್ಗೆರೆಗೆ ಹೋಗಿ, ಡಾಕ್ಟರ್ ಮಾನಸಳ ಕ್ಲಿನಿಕ್ಕಿನ ಮುಂದಿನ ಮೇಜಿನಲ್ಲಿ ಕೂತು ಚೀಟಿ ಬರೆದುಕೊಡುತ್ತಿದ್ದೆ. ಮಾನಸ ನಮ್ಮ ಕಾಲೇಜಿನಲ್ಲಿ ಪಿಯುಸಿ ಓದಿದವಳು. ಗ್ರಂಥಾಲಯದ ದೀಪ ಆರಿಸುವವರೆಗೂ ಎದ್ದು ಹೋಗದ ಹುಡುಗಿ ಅವಳೊಬ್ಬಳೇ ಆಗಿದ್ದಳು.

ಕ್ಲಿನಿಕ್ ಮೊದಲು ಅವಳ ತಂದೆ ನಂಜುಂಡಪ್ಪನವರದಾಗಿತ್ತು. ಈಗ ನಾಲ್ಕು ಮಹಡಿಯ ಮನೆಗಳು ಒತ್ತೊತ್ತಾಗಿ ನಿಂತಿರುವ ಜಾಗದಲ್ಲಿ ಅವರ ಹಿರಿಯರು ರಾಗಿ ಬೆಳೆಯುತ್ತಿದ್ದರು. ಆ ಹಳ್ಳಿಯಿಂದ ಡಾಕ್ಟರಾದ ಮೊದಲಿಗರು ಅವರು. ಎಪ್ಪತ್ತಾರು ದಾಟಿ, ಮಂಡಿ ಸೋತ ಮೇಲೆ ರೋಗಿಗಳನ್ನು ನೋಡುವುದು ಬಿಟ್ಟಿದ್ದರು. ಆದರೂ ದಿನಾ ಹತ್ತು ಗಂಟೆಗೆ ಬಂದು ಒಳಗಿನ ಬೆತ್ತದ ಕುರ್ಚಿಯಲ್ಲಿ ಕೂತು ಪೇಪರ್ ಓದುತ್ತಿದ್ದರು. ಬಂದ ತಕ್ಷಣ ತಮ್ಮ ಕಡೆಗಿದ್ದ ಟೇಬಲ್ ಫ್ಯಾನನ್ನು ರೋಗಿಗಳ ಬೆಂಚಿನ ಕಡೆ ತಿರುಗಿಸುವುದು ಅವರ ಮೊದಲ ಕೆಲಸ. ಹಳೆಯ ರೋಗಿಗಳು ಮಗಳ ಹತ್ತಿರ ಔಷಧಿ ಬರೆಸಿಕೊಂಡ ಮೇಲೂ ಒಳಗೆ ಹೋಗಿ ಇವರಿಗೊಮ್ಮೆ ನಾಲಿಗೆ ತೋರಿಸಿಯೇ ಹೋಗುತ್ತಿದ್ದರು.

ಆ ಸೋಮವಾರ ಲಕ್ಷ್ಮವ್ವ ಮಗಳು ಗುರುದೇವಿಯನ್ನು ಎತ್ತಿಕೊಂಡೇ ಬಂದಳು. ಹನ್ನೊಂದು ವರ್ಷದ ಹುಡುಗಿಯನ್ನು ಎತ್ತಿಕೊಳ್ಳಬೇಕಾಗಿ ಬಂದದ್ದು ನೋಡಿ ಬೆಂಚಿನಲ್ಲಿದ್ದವರೆಲ್ಲ ಎದ್ದು ಜಾಗ ಬಿಟ್ಟರು. ಲಕ್ಷ್ಮವ್ವ ಗದಗದ ಕಡೆಯವಳು. ಗಂಡ ಯಲ್ಲಪ್ಪ ಪೀಣ್ಯದ ಕಾರ್ಖಾನೆಯೊಂದರಲ್ಲಿ ಲೇತ್ ಮೇಲೆ ಕೆಲಸ ಮಾಡುತ್ತಿದ್ದ. ಇವಳು ಎರಡು ಬೀದಿಯಾಚೆಯ ಖಾನಾವಳಿಯಲ್ಲಿ ಜೋಳದ ರೊಟ್ಟಿ ಬಡಿಯುತ್ತಿದ್ದಳು. ಅವಳ ಅಂಗೈಯ ಬಡಿತ ಮಧ್ಯಾಹ್ನದ ಹೊತ್ತು ರಸ್ತೆಯವರೆಗೂ ಕೇಳುತ್ತಿತ್ತು.

ಗುರುದೇವಿಯ ಎಡಮಂಡಿ ಊದಿ ಕೆಂಪಾಗಿತ್ತು. ಮೈ ಸುಡುತ್ತಿತ್ತು. ಮಾನಸ ಅವಳ ಎದೆಗೆ ಸ್ಟೆತಾಸ್ಕೋಪ್ ಇಟ್ಟು ಬಹಳ ಹೊತ್ತು ಕಣ್ಣು ಮುಚ್ಚಿ ಕೇಳಿದಳು. ಆಮೇಲೆ ಲಕ್ಷ್ಮವ್ವ ತಂದಿದ್ದ ದೊಡ್ಡಾಸ್ಪತ್ರೆಯ ಫೈಲು ತೆಗೆದಳು. ಹಿಂದಿನ ವರ್ಷ ಹುಡುಗಿಗೆ ಗಂಟಲು ನೋವು ಬಂದು, ಅದರ ಬೆನ್ನಿಗೆ ಕೀಲು ಹಿಡಿಯುವ ಜ್ವರ ಬಂದಿತ್ತು. ರುಮ್ಯಾಟಿಕ್ ಜ್ವರ. ಅದು ಕೀಲನ್ನು ನೆಕ್ಕಿ ಬಿಡುತ್ತದೆ, ಹೃದಯವನ್ನು ಕಚ್ಚುತ್ತದೆ ಎನ್ನುತ್ತಾರೆ. ಗುರುದೇವಿಯ ಹೃದಯದ ಒಂದು ಕವಾಟಕ್ಕೆ ಸ್ವಲ್ಪ ಪೆಟ್ಟಾಗಿತ್ತು. ಜ್ವರ ಮತ್ತೆ ಮತ್ತೆ ಬಂದರೆ ಕವಾಟ ಪೂರ್ತಿ ಕೆಡುತ್ತದೆ. ಬರದಂತೆ ತಡೆಯುವುದಕ್ಕೇ ಆ ಇಂಜೆಕ್ಷನ್.

"ಹೋದ ಸಲ ಇಂಜೆಕ್ಷನ್ ಯಾವಾಗ ಆಯ್ತು?" ಮಾನಸ ಕೇಳಿದಳು.

"ಅಮಾಸಿಗ್ರಿ, ಡಾಕ್ಟ್ರಬಾಯಾರ."

"ಅದಕ್ಕೆ ಮುಂಚೆ?"

"ಅದೂ ಅಮಾಸಿಗೇರಿ."

ಮಾನಸ ನನ್ನ ಕಡೆ ನೋಡಿದಳು. ನಾನು ಗೋಡೆಯ ಕ್ಯಾಲೆಂಡರಿನ ಹಾಳೆ ತಿರುವಿದೆ. ಫೈಲಿನಲ್ಲಿ ನರ್ಸುಗಳು ಬರೆದ ತಾರೀಖುಗಳೆಲ್ಲ ಕಪ್ಪು ಚಂದ್ರನ ಗುರುತಿನ ಮೇಲೆಯೇ ಕೂತಿದ್ದವು. ಇಪ್ಪತ್ತೊಂದು ದಿನದ ಲೆಕ್ಕ ಇಪ್ಪತ್ತೊಂಬತ್ತಾಗಿತ್ತು, ಮೂವತ್ತಾಗಿತ್ತು.

"ಜುಲೈ ಅಮಾವಾಸ್ಯೆ ದಿನ ಗ್ರಹಣ ಇತ್ತಲ್ಲಮ್ಮ, ಅವತ್ತೂ ಹೋಗಿದ್ಯಾ?" ಎಂದೆ.

"ಬೆಳಿಗ್ಗೆ ಗ್ರಹಣ ಬಿಟ್ಟ ಮ್ಯಾಲ ತಲಿಮ್ಯಾಲ ನೀರು ಹಾಕ್ಕೊಂಡು ಹೋದೆವ್ರಿ ಅಮ್ಮಾರ. ಖಾನಾವಳಿ ಬಂದ್ ಇರೂದು ಅಮಾಸಿ ದಿನ ಒಂದ. ದೊಡ್ಡ ದವಾಖಾನಿಗೆ ಹ್ವಾದ್ರ ಇಡೀ ದಿನ ಹೋಕ್ಕೈತಿ. ಎಂಟೊಂಬತ್ತು ದಿನ ಆಚೀಚಿ ಆದ್ರ ಏನಾಕ್ಕೈತಿ ಅಂತ..." ಅವಳು ಅಲ್ಲಿಗೆ ನಿಲ್ಲಿಸಿದಳು. ಆಗಿದ್ದೇನೆಂಬುದು ಅವಳ ತೊಡೆಯ ಮೇಲೆಯೇ ಇತ್ತು.

ಮಾನಸ ಬೈಯಲಿಲ್ಲ. ಪತ್ರ ಬರೆದು, ಆಟೋ ಹತ್ತಿಸಿ ಆವತ್ತೇ ದೊಡ್ಡಾಸ್ಪತ್ರೆಗೆ ಕಳಿಸಿದಳು. ನಾಲ್ಕನೆಯ ದಿನ ಲಕ್ಷ್ಮವ್ವ ಒಬ್ಬಳೇ ಬಂದು ಚೀಟಿ ತೋರಿಸಿದಳು. ಅದೃಷ್ಟಕ್ಕೆ ಈ ಸಲ ಕವಾಟಕ್ಕೆ ಹೊಸ ಪೆಟ್ಟಾಗಿರಲಿಲ್ಲ. ಹೋದ ದಿನವೇ, ಅಂದರೆ ಹದಿನೇಳಕ್ಕೆ, ಇಂಜೆಕ್ಷನ್ ಕೊಟ್ಟಿದ್ದರು. ಮುಂದಿನದು ಸೆಪ್ಟೆಂಬರ್ ಏಳು, ಸೋಮವಾರ. ಒಂದು ದಿನವೂ ತಡವಾಗಕೂಡದು, ಮನೆಯ ಹತ್ತಿರದ ಡಾಕ್ಟರಲ್ಲೇ ಹಾಕಿಸಿಕೊಳ್ಳಿ ಎಂದು ಬರೆದು ಕೆಳಗೆ ಎರಡು ಗೆರೆ ಎಳೆದಿದ್ದರು.

ಹತ್ತಿರದ ಡಾಕ್ಟರು ಎಂದರೆ ನಾವೇ. ತೊಡಕಿದ್ದದ್ದು ಅಲ್ಲಿಯೇ.

ಮಾನಸ ಸುತ್ತಮುತ್ತಲಿನ ಐದು ಕ್ಲಿನಿಕ್ಕುಗಳಿಗೆ ಫೋನ್ ಮಾಡಿದಳು. ಪೆನಿಸಿಲಿನ್ ಎಂದ ಕೂಡಲೇ ಎಲ್ಲರ ದನಿಯೂ ಒಂದೇ ಥರ ತಣ್ಣಗಾಗುತ್ತಿತ್ತು. "ರಿಯಾಕ್ಷನ್ ಆದ್ರೆ ಯಾರು ಮೇಡಂ ನೋಡ್ಕೊಳ್ಳೋರು? ದೊಡ್ಡಾಸ್ಪತ್ರೆಗೇ ಕಳ್ಸಿಬಿಡಿ." ಮುಖ್ಯರಸ್ತೆಯ ನರ್ಸಿಂಗ್ ಹೋಮಿನವರೂ ಆಗುವುದಿಲ್ಲ ಎಂದರು. ನಮ್ಮ ಕ್ಲಿನಿಕ್ಕಿನಲ್ಲಂತೂ ಇಪ್ಪತ್ತಾರು ವರ್ಷದಿಂದ ಆ ಔಷಧಿ ಹೊಸಿಲು ದಾಟಿರಲಿಲ್ಲ. ೧೯೮೩ರಲ್ಲಿ ಗೂಳಪ್ಪ ಎಂಬ ಯುವಕ ಕಾಲಿನ ಹುಣ್ಣಿಗೆ ಪೆನಿಸಿಲಿನ್ ಹಾಕಿಸಿಕೊಂಡು, ಹಣ ಕೊಟ್ಟು, ಚಪ್ಪಲಿ ಮೆಟ್ಟುವಾಗ ಮೆಟ್ಟಿಲ ಮೇಲೆ ಕುಸಿದಿದ್ದ. ನಂಜುಂಡಪ್ಪನವರ ಪಕ್ಕದ ಹೊಲದವರ ಮಗ. ಮತ್ತೆ ಏಳಲಿಲ್ಲ. ಆ ಮನೆಯವರು ಒಂದು ಮಾತೂ ಆಡಲಿಲ್ಲವಂತೆ. ಅದೇ ವರ್ಷ ಗೌರಿಹಬ್ಬಕ್ಕೆ ಗೂಳಪ್ಪನ ತಾಯಿ ಎಂದಿನಂತೆ ಇವರ ಮನೆಗೆ ಬಾಗಿನ ಕಳಿಸಿದ್ದರಂತೆ. ಬೈದಿದ್ದರೆ ತಾನು ಸುಧಾರಿಸಿಕೊಳ್ಳುತ್ತಿದ್ದೆ ಎಂದು ನಂಜುಂಡಪ್ಪನವರು ಒಮ್ಮೆ ನನ್ನ ಹತ್ತಿರ ಹೇಳಿದ್ದರು.

ಮಾನಸ ಒಂದು ದಿನ ತೆಳ್ಳನೆಯ ಪುಸ್ತಿಕೆ ತಂದು ನನ್ನ ಮುಂದಿಟ್ಟಳು. "ಮೇಡಂ, ಇದನ್ನ ಒಂಚೂರು ಓದಿ. ಅಪ್ಪಂಗೆ ಕನ್ನಡದಲ್ಲಿ ಹೇಳೋದಕ್ಕೆ ನನಗಿಂತ ನೀವೇ ವಾಸಿ. ನಾನು ಹೇಳಿದ್ರೆ ಜಗಳ ಆಗತ್ತೆ."

ದೇಶದ ಬೇರೆ ಬೇರೆ ಊರುಗಳ ಮಕ್ಕಳ ವೈದ್ಯರು, ಹೃದಯದ ವೈದ್ಯರು ಒಂದೆಡೆ ಕೂತು, ಈ ಜ್ವರಕ್ಕೆ ಏನು ಮಾಡಬೇಕೆಂದು ಚರ್ಚಿಸಿ ಬರೆದ ಒಮ್ಮತದ ಅಭಿಪ್ರಾಯ ಅದು. ಅಧ್ಯಯನಗಳಿದ್ದ ಕಡೆ ಅವುಗಳನ್ನು ನೆಚ್ಚಿಕೊಂಡಿದ್ದರು. ಇಲ್ಲದ ಕಡೆ, ಇಷ್ಟು ವರ್ಷ ರೋಗಿಗಳನ್ನು ನೋಡಿದ ನಮಗೆ ಹೀಗನ್ನಿಸುತ್ತದೆ ಎಂದು ಮುಚ್ಚುಮರೆಯಿಲ್ಲದೆ ಹೇಳಿದ್ದರು. ಎರಡು ಸಂಜೆ ಕೂತು ಓದಿದೆ. ನಲವತ್ತು ವರ್ಷ ಪುಸ್ತಕಗಳ ನಡುವೆ ಇದ್ದವಳಿಗೂ, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಬರೆದ ಪುಸ್ತಕ ಕೈಗೆ ಸಿಕ್ಕಿದ್ದು ಕಡಿಮೆಯೇ.

ಮರುದಿನ ನಂಜುಂಡಪ್ಪನವರಿಗೆ ಹೇಳಿದೆ. ಅವರು ಪೇಪರಿನಿಂದ ಕಣ್ಣೆತ್ತದೆ ಪೂರ್ತಿ ಕೇಳಿದರು.

"ಒಮ್ಮತ ಅಂದ್ರೆ ಏನು ಗೊತ್ತಾ ಯಶೋದಮ್ಮ? ಊಟದ ಹೊತ್ತಾಯ್ತು, ಎಲ್ರೂ ಕೈ ಎತ್ತಿದ್ರು ಅಂತ."

"ಅಪ್ಪಾ!" ಮಾನಸ ತನ್ನ ಕೋಣೆಯಿಂದಲೇ ಕೂಗಿದಳು.

"ನಾನೂ ಹೋಗಿದೀನಿ ಕಣೇ ಅಂಥ ಮೀಟಿಂಗ್‌ಗಳಿಗೆ. ಹೋಳಿಗೆ ಬಡಿಸೋ ವಾಸನೆ ಬಂದ್ಮೇಲೆ ಯಾವನೂ ಬೇಡ ಅನ್ನಲ್ಲ." ಆಮೇಲೆ ದನಿ ತಗ್ಗಿಸಿ ನನಗೊಬ್ಬಳಿಗೇ ಹೇಳಿದರು. "ಅಪಾಯ ಬಹಳ ಅಪರೂಪ, ಸಾವಿರಾರು ಜನದಲ್ಲಿ ಒಬ್ಬರಿಗೆ ಅಂತ ಬರ್ದಿದಾರೆ, ಅಲ್ವಾ? ಸುಳ್ಳಲ್ಲ, ನಿಜವೇ ಇರ್ಬೇಕು. ಅವರಿಗೆ ಆ ಒಬ್ಬ ಒಂದು ಅಂಕಿ. ನಂಗೆ ಅವನ ಹೆಸರು ಗೊತ್ತು, ಅವನ ಚಪ್ಪಲಿ ಯಾವುದು ಅಂತ ಗೊತ್ತು."

ನಾನು ಪುಸ್ತಿಕೆ ಮುಚ್ಚಿದೆ. ಅದರಲ್ಲಿ ಅಂಥ ಹೆಸರು ಒಂದೂ ಇರಲಿಲ್ಲ.

ದಿನ ಕಳೆದವು. ಗುರುದೇವಿಯ ಮಂಡಿಯ ಊತ ಇಳಿದು, ಶಾಲೆಗೆ ಹೋಗತೊಡಗಿದಳು. ಮಗಳು ಸುಧಾರಿಸಿದ್ದಾಳಲ್ಲ, ಇನ್ನು ಸೂಜಿ ಯಾಕೆ ಎಂದು ಯಲ್ಲಪ್ಪ ಹೇಳಲು ಶುರುಮಾಡಿದ್ದನಂತೆ. ಏಳನೆಯ ತಾರೀಖಿಗೆ ಎರಡು ದಿನ ಇರುವಾಗ, ಶನಿವಾರ, ಲಕ್ಷ್ಮವ್ವ ಕೈಯಲ್ಲಿ ಜೋಳದ ಹಿಟ್ಟು ಹಾಗೆಯೇ ಇಟ್ಟುಕೊಂಡು ಬಂದಳು.

"ಸ್ವಾಮಾರ, ಏಳನೇ ತಾರೀಖಿಗೆ, ಎಲ್ಲಿ ಹೋಗ್ಲ್ರಿ ಡಾಕ್ಟ್ರಬಾಯಾರ? ರಜಾ ಕೊಡಾಂಗಿಲ್ಲ ಅಂತಾನ ಮಾಲಕ. ಇಲ್ಲೇ ಹಾಕಿದ್ರ ಒಂದ್ ತಾಸಿಗೆ ಬಂದು ಹೋಗ್ತೀನ್ರಿ."

ಮಾನಸ ಅವಳನ್ನು ಕೂರಿಸಿ, ಪುಸ್ತಿಕೆ ತೋರಿಸಿ, ಅದರಲ್ಲಿ ಏನಿದೆ ಎಂದು ಸರಳವಾಗಿ ಹೇಳಿದಳು. ಪಕ್ಕದ ಕೋಣೆಯ ಬಾಗಿಲು ತೆರೆದೇ ಇತ್ತು. ನಂಜುಂಡಪ್ಪನವರ ಪೇಪರು ಅಲುಗಾಡುತ್ತಿರಲಿಲ್ಲ.

ಲಕ್ಷ್ಮವ್ವ ಪುಸ್ತಿಕೆಯನ್ನು ಮುಟ್ಟಲಿಲ್ಲ. ಹಿಟ್ಟಿನ ಕೈ ಎಂದು ಹಿಂದಕ್ಕೆಳೆದುಕೊಂಡಳು. ನನ್ನನ್ನು ಕೇಳಿದಳು.

"ಎಷ್ಟ್ ಮಂದಿ ಕೂಡಿದ್ರು ರೀ ಅಮ್ಮಾರ?"

ನಾನು ಕೊನೆಯ ಪುಟದ ಹೆಸರುಗಳನ್ನು ಎಣಿಸಿದೆ. "ಇಪ್ಪತ್ತಮೂರು."

"ಹೆಣ್ಮಕ್ಕಳು?"

"ಐದು ಜನ ಇರೋ ಹಾಗಿದೆ."

"ಎಷ್ಟ್ ದಿನ ಕುಂತಿದ್ರು?"

"ಎರಡು ದಿನ."

ಅವಳು ತಲೆದೂಗಿದಳು. ಎರಡು ದಿನ ಪರವಾಗಿಲ್ಲ ಎಂಬಂತೆ. "ಯಾರರೆ ಬ್ಯಾಡ ಅಂದ್ರೇನ್ರಿ?"

ಮಾನಸಳಿಗೆ ನಗು ಬಂದಿತು. ನನಗೆ ಬರಲಿಲ್ಲ. ಅಷ್ಟು ಓದಿಯೂ ನಾನು ಆ ಪ್ರಶ್ನೆ ಕೇಳಿಕೊಂಡಿರಲಿಲ್ಲ. ಪುಟ ತಿರುವಿ ನೋಡಿ ಹೇಳಿದೆ. "ಎಷ್ಟು ವರ್ಷದ ತನಕ ಇಂಜೆಕ್ಷನ್ ಕೊಡಬೇಕು ಅನ್ನೋದರಲ್ಲಿ ಒಂದೇ ಮಾತಾಗಿಲ್ಲ, ಎರಡು ಅಭಿಪ್ರಾಯಾನೂ ಬರ್ದಿದಾರೆ. ನಾಲ್ಕು ವಾರಕ್ಕೊಮ್ಮೆ ಸಾಕು ಅಂತ ಕೆಲವರು ಅಂದಿದ್ರಂತೆ. ಚರ್ಚೆಯಾದ ಮೇಲೆ ನಮ್ಮ ದೇಶಕ್ಕೆ ಮೂರು ವಾರವೇ ಸರಿ ಅಂತ ಒಪ್ಪಿದಾರೆ."

"ನಾಲ್ಕ್ ವಾರ ಅಂದವ್ರು ನನ್ನಂಗ ಅಮಾಸಿ ಮಂದಿ ಇರ್ಬೇಕ್ ಬಿಡ್ರಿ," ಎಂದು ಲಕ್ಷ್ಮವ್ವ ಸಣ್ಣಗೆ ನಕ್ಕಳು. "ಮತ್ತ, ಈ ಸೂಜಿನ ಬ್ಯಾಡ, ಜೀವಕ್ಕ ಅಪಾಯ ಐತಿ ಅಂತ ಅಂದವ್ರು?"

"ಹಾಗೆ ಅಂದವರು ಯಾರೂ ಇಲ್ಲಮ್ಮ. ಎಚ್ಚರಿಕೆಯಿಂದ ಕೊಡಿ ಅಂತ ಎಲ್ಲರೂ ಹೇಳಿದಾರೆ."

ಅವಳ ಮುಖ ಸಪ್ಪಗಾಯಿತು. "ಒಬ್ಬರೂ ಅಂದಿಲ್ಲಾ? ನಮ್ಮೂರಾಗ ಹಣಮಪ್ಪನ ಕಟ್ಟಿಮ್ಯಾಲ ಹಿರ್‍ಯಾರು ಕುಂತಾಗ ಒಬ್ಬರೂ ಬ್ಯಾಡ ಅನ್ಲಿಲ್ಲ ಅಂದ್ರ ಆ ಮಾತು ಅವತ್ತ ಮುಗ್ಸಾಂಗಿಲ್ರಿ. ಯಾರೋ ಬಾಯಿ ಮುಚ್ಕೊಂಡ್ ಕುಂತಾರ ಅಂತ ತಿಳೀತಾರ. ಮರುದಿನ ಮತ್ತ ಕುಂದ್ರತಾರ." ಸ್ವಲ್ಪ ತಡೆದು ಕೇಳಿದಳು. "ಹಂಗಾರ ಇಲ್ಲಿ, ಈ ದವಾಖಾನ್ಯಾಗ ಬ್ಯಾಡ ಅಂದವ್ರು ಯಾರ್ರಿ?"

ಒಳಗೆ ಪೇಪರು ಮಡಚಿದ ಸದ್ದಾಯಿತು.

"ನಾನು ಕಣಮ್ಮ," ಎಂದರು ನಂಜುಂಡಪ್ಪ.

ಲಕ್ಷ್ಮವ್ವ ಎದ್ದು ಬಾಗಿಲ ಹತ್ತಿರ ಹೋಗಿ ನಿಂತಳು. "ಯಾಕ್ರೀ ಅಜ್ಜಾರ?"

ಅವರು ಗೂಳಪ್ಪನ ಕಥೆ ಹೇಳಿದರು. ಏನನ್ನೂ ಬಿಡಲಿಲ್ಲ, ಬಣ್ಣ ಕಟ್ಟಲಿಲ್ಲ. ತಮ್ಮ ಹತ್ತಿರ ಆ ದಿನ ಬೇಕಾದ ಔಷಧಿ ಇರಲಿಲ್ಲ, ಇದ್ದಿದ್ದರೆ ಉಳಿಯುತ್ತಿದ್ದನೋ ಏನೋ ಎಂಬುದನ್ನೂ ಹೇಳಿದರು. ಅದನ್ನು ನಾನು ಕೇಳಿದ್ದು ಅದೇ ಮೊದಲು. ಮಾನಸಳೂ ಮೊದಲ ಸಲವೇ ಕೇಳುತ್ತಿದ್ದಳೆಂದು ಅವಳ ಮುಖ ನೋಡಿದರೆ ತಿಳಿಯುತ್ತಿತ್ತು.

ಲಕ್ಷ್ಮವ್ವ ಅಂಗೈಗೆ ಅಂಟಿದ್ದ ಹಿಟ್ಟನ್ನು ಉಜ್ಜಿಕೊಂಡಳು. ಹೆದರಿ ವಾಪಸು ಹೋಗುತ್ತಾಳೆ ಎಂದುಕೊಂಡೆ.

"ನಮ್ಮೂರಾಗ ಹಳೇ ಬಾವಿ ಹೂಳು ತಗ್ಯೂದು ಇತ್ರಿ," ಎಂದು ಶುರುಮಾಡಿದಳು. "ಎಲ್ಲಾರೂ ಹೂಂ ಅಂದ್ರು. ನಮ್ಮ ಸ್ವಾದರಮಾವ ಒಬ್ಬ ಬ್ಯಾಡ ಅಂದ, ಒಳಗ ಕಲ್ಲು ಸಡ್ಲ ಆಗ್ಯಾವ ಅಂತ. ತಗೀಬೇಕ ಅಂತ ಠರಾವು ಆತು. ಆವಾಗ ಇಳ್ಯಾವ್ನ ಸೊಂಟದ ಹಗ್ಗ ಯಾರ ಕೈಯಾಗ ಕೊಟ್ರು ಹೇಳ್ರಿ? ನಮ್ಮ ಮಾವನ ಕೈಯಾಗ. ನಮ್ಮ ಕಡೆ ಹಂಗ ರೀ. ಬ್ಯಾಡ ಅಂದಾವ್ನ ಕೈಯಾಗ ಹಗ್ಗ. ಯಾಕಂದ್ರ ಹೂಂ ಅಂದವ್ರು ಎಲಿ ಅಡಕಿ ಹಾಕ್ಕೊಂಡು ಮಾತಾಡ್ಕೋತ ನಿಂತಿರ್ತಾರ. ಅವನ ಕಣ್ಣು ಹಗ್ಗ ಬಿಟ್ಟು ಕದಲಾಂಗಿಲ್ಲ."

"ಅದಕ್ಕೆ?" ಎಂದರು ನಂಜುಂಡಪ್ಪ.

"ಅದಕ್ಕ ಸ್ವಾಮಾರ ನೀವು ಇಲ್ಲಿ ಕುಂದ್ರಬೇಕ್ರಿ ಅಜ್ಜಾರ."

"ನಾನು ಸೂಜಿ ಹಿಡಿದು ಎಂಟು ವರ್ಷ ಆಯ್ತಮ್ಮ. ಕೈ ನಡುಗತ್ತೆ."

"ಸೂಜಿ ಬಾಯಾರ ಹಿಡೀಲ್ರಿ. ಆ ಇಪ್ಪತ್ಮೂರು ಮಂದಿ ಹೇಳಿದಂಗ ಅವ್ರು ಮಾಡ್ಲಿ. ನೀವು ನನ್ನ ಮಗಳ ಮ್ಯಾಲ ಕಣ್ಣಿಡ್ರಿ, ಸಾಕು."

ಹನ್ನೆರಡಕ್ಕೆ ಹೋಗಬೇಕಾದ ನಂಜುಂಡಪ್ಪನವರು ಕೊಡೆ ತೆಗೆದುಕೊಂಡು ಹನ್ನೊಂದಕ್ಕೇ ಮನೆಗೆ ಹೋದರು. ಲಕ್ಷ್ಮವ್ವ ಹೋಗುವಾಗ ತಾನು ಕೂತಿದ್ದ ಕುರ್ಚಿಯ ಮೇಲೆ ಬಿದ್ದ ಹಿಟ್ಟನ್ನು ಸೆರಗಿನಿಂದ ಒರೆಸಿದಳು.

ಭಾನುವಾರ ಮಧ್ಯಾಹ್ನ ನಮ್ಮ ಮನೆಯ ಫೋನ್ ಬಡಿದುಕೊಂಡಿತು. ನಂಜುಂಡಪ್ಪನವರು ನನಗೆ ಫೋನ್ ಮಾಡಿದ್ದು ಆವರೆಗೆ ಇಲ್ಲ.

"ಯಶೋದಮ್ಮ, ಆ ಪುಸ್ತಕ ನಿಮ್ಮ ಹತ್ರ ಇದ್ಯಾ? ರಿಯಾಕ್ಷನ್ ಆದ್ರೆ ಅಡ್ರಿನಲಿನ್ ಎಷ್ಟು ಕೊಡ್ಬೇಕು, ಎಲ್ಲಿಗೆ ಕೊಡ್ಬೇಕು ಅಂತಿದೆ ನೋಡಿ. ನಿಧಾನಕ್ಕೆ ಓದಿ, ಬರ್ಕೋತಾ ಇದೀನಿ."

ನಾನು ಓದಿದೆ. ಆ ಕಡೆ ಪೆನ್ನಿನ ಸದ್ದು.

"ಮಗೂನ ಎಷ್ಟೊತ್ತು ಕೂರಿಸ್ಕೋಬೇಕು ಅಂತಿದೆ?"

"ಅರ್ಧ ಗಂಟೆ."

"ಒಂದು ಗಂಟೆ ಕೂರಿಸ್ಕೊಳ್ಳೋಣ," ಎಂದು ಫೋನ್ ಇಟ್ಟರು.

ಸೋಮವಾರ ನಾನು ಒಂಬತ್ತಕ್ಕೆ ಹೋದಾಗ ಅವರು ಆಗಲೇ ಬಂದಿದ್ದರು. ಬೆತ್ತದ ಕುರ್ಚಿಯನ್ನು ಒಳಕೋಣೆಯಿಂದ ತೆಗೆಸಿ ಪರೀಕ್ಷೆಯ ಮಂಚದ ತಲೆಯ ಹತ್ತಿರ ಹಾಕಿಸಿದ್ದರು. ತಟ್ಟೆಯಲ್ಲಿ ಎರಡು ಸಿರಿಂಜುಗಳಲ್ಲಿ ಅಡ್ರಿನಲಿನ್ ತುಂಬಿಸಿ, ಮೇಲೆ ಬಿಳಿ ಬಟ್ಟೆ ಮುಚ್ಚಿತ್ತು. ಮೂಲೆಯಲ್ಲಿ ಆಮ್ಲಜನಕದ ಸಿಲಿಂಡರ್. ಇಂಜೆಕ್ಷನ್ ಕೊಡುವುದಿಲ್ಲ ಎಂದಿದ್ದ ಮುಖ್ಯರಸ್ತೆಯ ನರ್ಸಿಂಗ್ ಹೋಮಿನವರೇ ಅದನ್ನು ಎರವಲು ಕೊಟ್ಟಿದ್ದರು. ಅಲ್ಲಿಯ ಕಾಂಪೌಂಡರ್ ವೆಂಕಟೇಶ್ ಆಟೋದಲ್ಲಿ ಹಾಕಿಕೊಂಡು ತಂದವರು, ಇಳಿಸಿ ಹೋಗದೆ, "ನಂಗೆ ಹತ್ತೂವರೆ ತನಕ ಡ್ಯೂಟಿ ಇಲ್ಲ ಸಾರ್, ಇಲ್ಲೇ ಇರ್ತೀನಿ" ಎಂದು ಬಾಗಿಲ ಹೊರಗೆ ನಿಂತರು.

ಗುರುದೇವಿ ಎರಡು ಜಡೆ ಹಾಕಿಕೊಂಡು, ಶಾಲೆಯ ಸಮವಸ್ತ್ರದಲ್ಲೇ ಬಂದಿದ್ದಳು. ಔಷಧಿ ಮೈಗೆ ಒಗ್ಗುತ್ತದೆಯೇ ಎಂದು ಮೊದಲು ಮುಂಗೈಯ ಚರ್ಮದಡಿ ಒಂದು ಹನಿ ಹಾಕಿ ನೋಡಬೇಕು. ಮಾನಸ ಹಾಕಿ ಪೆನ್ನಿನಿಂದ ಸುತ್ತ ಗೆರೆ ಎಳೆದಳು. ಅರ್ಧ ಗಂಟೆ ಎಲ್ಲರೂ ಆ ಗೆರೆಯನ್ನೇ ನೋಡುತ್ತ ಕೂತೆವು. ಏನೂ ಏಳಲಿಲ್ಲ. ನಂಜುಂಡಪ್ಪನವರು ಕನ್ನಡಕ ಬದಲಾಯಿಸಿ, ಹುಡುಗಿಯ ಕೈಯನ್ನು ಕಿಟಕಿಯ ಬೆಳಕಿಗೆ ಹಿಡಿದು ಮತ್ತೊಮ್ಮೆ ನೋಡಿದರು.

"ಹೂಂ," ಎಂದರು.

ಪೆನಿಸಿಲಿನ್ ಕಲಸಿದ ಸುಣ್ಣದಂತೆ ಬೆಳ್ಳಗೆ, ಮಂದವಾಗಿ ಇರುತ್ತದೆ. ಚೆನ್ನಾಗಿ ಅಲ್ಲಾಡಿಸದಿದ್ದರೆ ಸೂಜಿಯಲ್ಲೇ ಕಟ್ಟಿಕೊಳ್ಳುತ್ತದೆ. ಒಳಗೆ ಹೋಗುವಾಗ ಬಹಳ ನೋವು. ಗುರುದೇವಿ ಮಗ್ಗುಲಾಗಿ ಮಲಗಿ ತಾಯಿಯ ಬೆರಳುಗಳನ್ನು ಬಿಗಿಯಾಗಿ ಹಿಡಿದುಕೊಂಡಳು, ಅಳಲಿಲ್ಲ. ಮಾನಸ ನಿಧಾನವಾಗಿ ಪೂರ್ತಿ ಹಾಕಿ ಸೂಜಿ ತೆಗೆದಳು.

ಹುಡುಗಿ ಲಂಗ ಸರಿಮಾಡಿಕೊಂಡು ಥಟ್ಟನೆ ಎದ್ದು ನಿಂತಳು. ಹನ್ನೊಂದು ವರ್ಷದವಳಿಗೆ ಅಷ್ಟು ಜನರೆದುರು ಮಲಗಿರುವುದು ನಾಚಿಕೆಯಾಗಿರಬೇಕು. ಎರಡು ಹೆಜ್ಜೆ ಇಟ್ಟಳು. ಮುಖ ಬಿಳಚಿಕೊಂಡಿತು. ಮೂರನೆಯ ಹೆಜ್ಜೆಗೆ ಕುಸಿದಳು.

ಮಾನಸ ತಟ್ಟೆಯ ಬಟ್ಟೆ ಕಿತ್ತು ಸಿರಿಂಜು ಕೈಗೆತ್ತಿಕೊಂಡಳು. ಅಷ್ಟರಲ್ಲಿ ನಂಜುಂಡಪ್ಪನವರು ನೆಲದ ಮೇಲಿದ್ದರು. ಮಂಡಿ ಮಡಚಲಾಗದೆ ವರ್ಷಗಳಿಂದ ಮೇಜಿನ ಮೇಲೆ ಊಟ ಮಾಡುತ್ತಿದ್ದವರು ಹೇಗೆ ಕೆಳಗಿಳಿದರೋ ನನಗೆ ಕಾಣಿಸಲಿಲ್ಲ. ಅವರ ಮೂರು ಬೆರಳು ಹುಡುಗಿಯ ಮಣಿಕಟ್ಟಿನ ಮೇಲಿದ್ದವು. ಆ ಬೆರಳುಗಳು ನಡುಗುತ್ತಿರಲಿಲ್ಲ.

"ಅಪ್ಪಾ, ಹಾಕ್ಲಾ?"

"ತಡಿ."

"ಅಪ್ಪಾ..."

"ತಡಿ ಅಂದೆ. ನಾಡಿ ನಿಧಾನ ಇದೆ, ಆದ್ರೆ ತುಂಬಿ ಬರ್ತಾ ಇದೆ. ಉಸಿರು ಸರಾಗ ಇದೆ. ದದ್ದು ಇದ್ಯಾ ನೋಡು ಕತ್ತಿನ ಹತ್ರ. ಇಲ್ಲ ತಾನೆ? ತುಟಿ ಊದಿಲ್ಲ. ಗೂಳಪ್ಪನ ನಾಡಿ ದಾರದ ಥರ ಇತ್ತು, ಬೆರಳಿಗೆ ಸಿಗದಷ್ಟು ಜೋರಾಗಿ ಓಡ್ತಿತ್ತು. ಇದು ಅದಲ್ಲ. ಕಾಲು ಎತ್ತಿ ಹಿಡ್ಕೋಮ್ಮ ಲಕ್ಷ್ಮವ್ವ. ಇನ್ನೂ ಮೇಲೆ."

ಲಕ್ಷ್ಮವ್ವ ಮಗಳ ಎರಡು ಪಾದಗಳನ್ನು ಎದೆಗವಚಿಕೊಂಡು ನಿಂತಳು. ಮಾನಸ ಸಿರಿಂಜು ಹಿಡಿದ ಕೈಯನ್ನು ಹಾಗೆಯೇ ಇಟ್ಟುಕೊಂಡು ರಕ್ತದೊತ್ತಡದ ಪಟ್ಟಿ ಕಟ್ಟಿದಳು. ವೆಂಕಟೇಶ್ ಸಿಲಿಂಡರನ್ನು ಎಳೆದು ತಂದು ಪಕ್ಕದಲ್ಲಿಟ್ಟರು. ಗೋಡೆ ಗಡಿಯಾರ ನೋಡಿದರೆ ಒಂದೂವರೆ ನಿಮಿಷವೂ ಆಗಿರಲಿಲ್ಲ.

ಗುರುದೇವಿ ಕಣ್ಣು ಬಿಟ್ಟಳು. ತನ್ನ ಮುಖದ ಮೇಲೆ ಬಾಗಿದ್ದ ಬಿಳಿ ಮೀಸೆಯನ್ನು ಕಂಡು ಗಾಬರಿಯಾದಳು.

"ಅವ್ವಾ, ಹಸಿವಾಗೇತಿ," ಎಂದಳು.

"ಹಸಿವಾ?" ನಂಜುಂಡಪ್ಪ ತಲೆಯೆತ್ತಿ ಲಕ್ಷ್ಮವ್ವನನ್ನು ನೋಡಿದರು. "ಏನಮ್ಮ ತಿನ್ಸಿದ್ದೆ ಬೆಳಿಗ್ಗೆ?"

ಲಕ್ಷ್ಮವ್ವ ಪಾದಗಳನ್ನು ಬಿಡದೆ, ತಪ್ಪು ಮಾಡಿದ ಮಗುವಿನಂತೆ ನಿಂತಿದ್ದಳು. "ಏನೂ ಇಲ್ರಿ. ಇವತ್ತ ಸ್ವಾಮಾರ, ಶಿವನ ವಾರ ಅಲ್ರೀ... ಸೂಜಿ ಸುಸೂತ್ರ ಆಗ್ಲಿ ಅಂತ ಮಗಳ ಕಡೆಯಿಂದ ಉಪಾಸ ಹಿಡಿಸಿದ್ದೆ. ನೀರೂ ಕೊಟ್ಟಿಲ್ರಿ."

ಮಾನಸ ಸಿರಿಂಜನ್ನು ತಟ್ಟೆಯಲ್ಲಿಟ್ಟು ಗೋಡೆಗೆ ಒರಗಿದಳು. ಅವಳ ಕಣ್ಣಲ್ಲಿ ನೀರಿತ್ತು, ನಗುತ್ತಲೂ ಇದ್ದಳು. "ಹೊಟ್ಟೆ ಖಾಲಿ, ಅಷ್ಟು ನೋವು, ಥಟ್ ಅಂತ ಎದ್ದು ನಿಂತಿದಾಳೆ. ತಲೆ ತಿರುಗದೆ ಇನ್ನೇನು!"

"ಯಶೋದಮ್ಮ," ನಂಜುಂಡಪ್ಪನವರು ನೆಲದ ಮೇಲಿಂದಲೇ ಕರೆದರು. "ತಿಂಡಿ ತಿನ್ಸಿ ಕರ್ಕೊಂಡು ಬನ್ನಿ, ಆಮೇಲೆ ಕಾಲು ಗಂಟೆ ಮಲಗಿಸಿ ಅಂತ ಆ ಪುಸ್ತಕದಲ್ಲಿ ಬರ್ದಿದಾರಾ ನೋಡಿ."

ಅರ್ಧ ಗಂಟೆ ಗಮನಿಸಿ ಎಂದಿತ್ತು. ತಿಂಡಿಯ ಮಾತು ಎಲ್ಲೂ ಇರಲಿಲ್ಲ. "ಇಲ್ಲ," ಎಂದೆ.

"ಬರ್ಕೊಳ್ಳಿ ಮತ್ತೆ."

ಜೀವಮಾನವಿಡೀ ಪುಸ್ತಕದ ಅಂಚಿನಲ್ಲಿ ಗೀಚಿದ ಹುಡುಗರಿಗೆ ದಂಡ ಹಾಕಿದವಳು ನಾನು. ಪೆನ್ಸಿಲ್ ತೆಗೆದು ಇಪ್ಪತ್ತಮೂರು ತಜ್ಞರ ಪುಟದ ಅಂಚಿನಲ್ಲಿ ಬರೆದೆ: ಮೊದಲು ತಿಂಡಿ. ಆಮೇಲೆ ಮಲಗಿರಲಿ.

ವೆಂಕಟೇಶ್ ಎದುರಿನ ದರ್ಶಿನಿಯಿಂದ ಇಡ್ಲಿ ತಂದರು. ಚಟ್ನಿ ಖಾರವಿದ್ದೀತೆಂದು ಬೇರೆ ಕಟ್ಟಿಸಿದ್ದರು. ಗುರುದೇವಿ ಮಂಚದ ಮೇಲೆ ಒರಗಿಕೊಂಡು ಮೂರು ತಿಂದಳು. ನಂಜುಂಡಪ್ಪನವರನ್ನು ನಾವು ಮೂವರು ಸೇರಿ ನೆಲದಿಂದ ಎತ್ತಬೇಕಾಯಿತು. ಕುರ್ಚಿಯಲ್ಲಿ ಕೂತ ಮೇಲೂ ಅವರ ಕಣ್ಣು ಹುಡುಗಿಯ ಮುಖ ಬಿಟ್ಟು ಕದಲಲಿಲ್ಲ. ಒಂದು ಗಂಟೆ ಪೂರ್ತಿ ಹಾಗೆಯೇ ಕೂತಿದ್ದರು. ಮಧ್ಯೆ ಯಾರೋ ಹಳೆಯ ರೋಗಿ ಬಂದು ನಾಲಿಗೆ ತೋರಿಸಹೋದರೆ, "ಆಮೇಲೆ ಬಾರಯ್ಯ" ಎಂದು ಕೈಯಾಡಿಸಿದರು.

ಗಂಟೆ ಮುಗಿಯಿತು. ಲಕ್ಷ್ಮವ್ವ ಮಗಳಿಗೆ ಚಪ್ಪಲಿ ತೊಡಿಸಿ, ಅವರ ಮುಂದೆ ಬಂದು ನಿಂತಳು.

"ಈಗೇನಂತೀರಿ ಅಜ್ಜಾರ?"

"ನಾನು ಈಗಲೂ ಬೇಡ ಅನ್ನೋನೇ ಕಣಮ್ಮ. ಹೆದರಿಕೆ ಎಲ್ಲೂ ಹೋಗಿಲ್ಲ, ಇಲ್ಲೇ ಇದೆ." ಎದೆ ಮುಟ್ಟಿ ತೋರಿಸಿದರು.

"ಇರ್ಲಿ ಬಿಡ್ರಿ," ಎಂದಳು ಅವಳು, ಸಮಾಧಾನವಾಗಿ. "ಅದೂ ಬೇಕ್ರಿ."

ನಾನು ಮುಂದಿನ ತಾರೀಖಿಗಾಗಿ ಕ್ಯಾಲೆಂಡರಿನಲ್ಲಿ ಇಪ್ಪತ್ತೊಂದು ದಿನ ಎಣಿಸಿದೆ. ಸೆಪ್ಟೆಂಬರ್ ಇಪ್ಪತ್ತೆಂಟು.

"ಅವತ್ತು ವಿಜಯದಶಮಿ," ಎಂದಳು ಮಾನಸ. "ಕ್ಲಿನಿಕ್ ರಜಾ. ಮಾರನೇ ದಿನ ಮಂಗಳವಾರ ಬಂದ್ಬಿಡಿ ಲಕ್ಷ್ಮವ್ವ, ಒಂದು ದಿನ ತಾನೆ."

"ಏಯ್," ಎಂದರು ನಂಜುಂಡಪ್ಪ. "ಅಷ್ಟು ಜನ ದೊಡ್ಡವರು ಎರಡು ದಿನ ಕೂತು ಇಪ್ಪತ್ತೊಂದು ಅಂತ ಬರ್ದಿದಾರೆ. ಇಪ್ಪತ್ತೆರಡು ಮಾಡೋಕೆ ನೀನ್ಯಾರೇ?"

ಮಾನಸ ಕ್ಯಾಲೆಂಡರಿನ ಇಪ್ಪತ್ತೆಂಟರ ಸುತ್ತ ಪೆನ್ನಿನಿಂದ ಗೆರೆ ಎಳೆದಳು.

"ಹಬ್ಬದ ದಿನ ನೀನು ಬರೋದು ಹತ್ತು ಗಂಟೆ ಆಗತ್ತೆ. ಬೀಗದ ಕೈ ನಂಗೆ ಕೊಟ್ಟಿರು, ಬಾಗಿಲು ನಾನು ತೆಗೀತೀನಿ," ಎಂದು ಅವರು ಕೈ ಚಾಚಿದರು.